ಭಾನುವಾರಕ್ಕೆ ಬಿಳಿ ಗುಲಾಬಿ ಇದೆಯಾ?

ನಮ್ಮಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಅಕ್ಕ, ಅಂದರೆ ನಮ್ಮ ದೊಡ್ಡಮ್ಮನಿಗೆ, ಇಡೀ ಮೂಗೇ ಕೋಪದ್ದು. ಇಬ್ಬರೂ ಒಂದೇ ಬೇಕರಿಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ನಿಂತು ಅಷ್ಟು ವರ್ಷ ಹೇಗೆ ಕೆಲಸ ಮಾಡಿದರೋ ನನಗೆ ಈಗಲೂ ಆಶ್ಚರ್ಯ. ಅಮ್ಮ ಕೇಕ್ ಮಾಡುವವಳು. ದೊಡ್ಡಮ್ಮ ಆ ಕೇಕಿನ ಮೇಲೆ ಕೂರುವ ಸಕ್ಕರೆ ಹೂವು ಮಾಡುವವಳು. ಅವಳ ಗುಲಾಬಿಯನ್ನು ಕಂಡವರು ಮೊದಲು ಮೂಸಿ ನೋಡುತ್ತಾರೆ, ಆಮೇಲೆ ನಾಚಿಕೊಳ್ಳುತ್ತಾರೆ, ಕೊನೆಗೆ ತಿನ್ನುತ್ತಾರೆ. ನಾನು ಬೆಳೆದದ್ದು ಆ ಮೇಜಿನ ಕೆಳಗೆ. ಈ ಕಡೆಯಿಂದ ಕೇಕಿನ ಚೂರು ಬೀಳುತ್ತಿತ್ತು, ಆ ಕಡೆಯಿಂದ ಮುರಿದ ದಳ. ಹಾಗಾಗಿ ನನಗೆ ಇಬ್ಬರೂ ಅಮ್ಮಂದಿರೇ.

ಎರಡು ವರ್ಷದ ಹಿಂದೆ ಯಾರದೋ ಮದುವೆಯ ಕೇಕ್ ವಾಲಿತು. ಬೀಳಲಿಲ್ಲ, ವಾಲಿತು ಅಷ್ಟೆ. ಫೋಟೋದಲ್ಲಿ ಗಂಡು, ಹೆಣ್ಣು, ನೆಂಟರು ಎಲ್ಲರೂ ಕೇಕಿನ ಜೊತೆಗೆ ತಲೆ ವಾಲಿಸಿ ನಗುತ್ತಿದ್ದರು. ನಕ್ಕು ಮರೆಯಬೇಕಾದ ಮಾತು. ಆದರೆ ಅಮ್ಮ, “ನಿನ್ನ ಹೂವಿನ ಭಾರಕ್ಕೇ ವಾಲಿದ್ದು” ಎಂದಳು. ದೊಡ್ಡಮ್ಮ, “ನಿನ್ನ ಕೇಕಿಗೆ ಬೆನ್ನುಮೂಳೆ ಇಲ್ಲ, ನನ್ನ ಹೂವೇನು ಮಾಡುತ್ತೆ?” ಎಂದಳು. ಮಾತಿಗೆ ಮಾತು ಬೆಳೆದು, ವಾರದೊಳಗೆ ದೊಡ್ಡಮ್ಮ ತನ್ನ ಅಚ್ಚು, ಕುಂಚ, ಚಿಮುಟಗಳನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಹೊರಟೇಬಿಟ್ಟಳು. ಅವಳ ಮನೆ ಎಷ್ಟು ದೂರ ಅಂತೀರಿ? ನಮ್ಮ ಬೇಕರಿಯಿಂದ ಹೊರಬಿದ್ದು, ಅಂಚೆ ಕಚೇರಿಯ ಮೂಲೆ ತಿರುಗಿ, ಪಾರ್ಕಿನ ಗೋಡೆ ದಾಟಿದರೆ ಸಿಗುವ ಹಸಿರು ಗೇಟು. ಆ ಗೇಟಿಗೂ ನಮ್ಮ ಬಾಗಿಲಿಗೂ ನಡುವೆ ಎರಡು ವರ್ಷ ಓಡಾಡಿದವಳು ನಾನೊಬ್ಬಳೇ.

ಓಡಾಡಲು ನನಗೆ ಅಡ್ಡಿಯಿರಲಿಲ್ಲ. ಆದರೆ ಅಲ್ಲಿ ಇವಳ ಹೆಸರೆತ್ತುವ ಹಾಗಿಲ್ಲ, ಇಲ್ಲಿ ಅವಳ ಹೆಸರೆತ್ತುವ ಹಾಗಿಲ್ಲ. ಎತ್ತದಿದ್ದರೆ ಇಬ್ಬರಿಗೂ ಸಮಾಧಾನವಿಲ್ಲ. “ಮಂಡಿನೋವಿಗೆ ಒಂದು ಎಣ್ಣೆ ಬಂದಿದೆಯಂತೆ, ಯಾರಿಗಾದ್ರೂ ಬೇಕಾಗಬಹುದು” ಎಂದು ಅಮ್ಮ ಗಾಳಿಗೆ ಹೇಳುತ್ತಿದ್ದಳು. ಆ ಬಾಟಲಿಯನ್ನು ನಾನು ಹಸಿರು ಗೇಟಿಗೆ ಮುಟ್ಟಿಸುತ್ತಿದ್ದೆ. “ಕೆಲವರು ಇನ್ನೂ ನಸುಕಿಗೇ ಎದ್ದು ಓವನ್ ಹಚ್ತಾರೋ ಏನೋ, ಶೀತ ಆದೀತು” ಎಂದು ದೊಡ್ಡಮ್ಮ ಕಿಟಕಿಗೆ ಹೇಳುತ್ತಿದ್ದಳು. ಒಂದು ಉಣ್ಣೆಯ ಶಾಲು ನನ್ನ ಕೈ ಸೇರುತ್ತಿತ್ತು. ಕೊಟ್ಟವರು ಯಾರೆಂದು ಅವರು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ನನಗಂತೂ ತಲೆ ಚಿಟ್ಟು ಹಿಡಿದುಹೋಗಿತ್ತು.

ಈಗ ನನ್ನ ಕಸುಬಿನ ಮಾತು. ನಾನು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವಳು. ದೊಡ್ಡ ಪಂಡಿತೆಯೇನಲ್ಲ, ಹೊಟ್ಟೆಪಾಡಿಗೆ ಸಾಕಾಗುವಷ್ಟು ಜಾವಾಸ್ಕ್ರಿಪ್ಟ್ ಬರುತ್ತದೆ. ನಾನು ಮಾಡಿದ ಮೊದಲ ಸೈಟ್ ನಮ್ಮ ಬೇಕರಿಯದೇ. ಅದರಲ್ಲಿ ಕೇಕಿಗೊಂದು ಪುಟ, ಹೂವಿಗೊಂದು ಪುಟ. ಗಿರಾಕಿ ಕೇಕ್ ಆರಿಸಿದ ಕೂಡಲೇ ಆ ಪುಟ ಒಳಗೊಳಗೇ ಹೂವಿನ ಕಪಾಟನ್ನು, ಅಂದರೆ ಹೂವಿನ ಲೆಕ್ಕದ ಪಟ್ಟಿಯನ್ನು, ಕೇಳುತ್ತಿತ್ತು: ಇಂಥ ದಿನಕ್ಕೆ ಇಂಥ ಹೂವು ಇದೆಯಾ? ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬರುತ್ತಿತ್ತು. ಎರಡೂ ಒಂದೇ ಡೊಮೇನಿನಲ್ಲಿದ್ದವು, ಅಂದರೆ ಒಂದೇ ಮನೆಯಲ್ಲಿದ್ದ ಹಾಗೆ. ಅಡುಗೆಮನೆಯಿಂದ ಕೂಗಿ ನಡುಮನೆಯವರ ಹತ್ತಿರ ಉಪ್ಪು ಕೇಳಿದರೆ “ನೀನು ಯಾರು” ಎಂದು ಯಾರೂ ಕೇಳುವುದಿಲ್ಲವಲ್ಲ.

ದೊಡ್ಡಮ್ಮ ಬೇರೆಯಾದಾಗ ಹೂವಿನ ಸೈಟೂ ಬೇರೆಯಾಯಿತು. ಅದನ್ನು ಕಟ್ಟಿದ್ದು ದೊಡ್ಡಪ್ಪ. ಇವರು ಆಯುಷ್ಯವೆಲ್ಲ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು, ಕೈ ಸುಮ್ಮನಿರುವುದಿಲ್ಲ. ಪುಸ್ತಕದಷ್ಟು ಚಿಕ್ಕ ಕಂಪ್ಯೂಟರೊಂದನ್ನು ತಂದು, ಮುಂದಿನ ಕೋಣೆಯ ಶೆಲ್ಫಿನಲ್ಲಿಟ್ಟು, ಹಳೆಯ ಹೂವಿನ ಕಪಾಟಿನ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿ, ಹೊಸ ವಿಳಾಸ ಕೊಟ್ಟು ನಿಲ್ಲಿಸಿಬಿಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಯಾವುದೋ ಹಳೇ ಲಿಫ್ಟಿನ ಹಿತ್ತಾಳೆ ಗಂಟೆಯನ್ನು ತಂದು ಆ ಕಂಪ್ಯೂಟರಿಗೆ ತಂತಿ ಎಳೆದರು.

“ನಮ್ಮ ಪುಟದಿಂದಲೇ ನಾವು ಕೇಳಿಕೊಂಡ್ರೆ ಗಂಟೆ ಯಾಕೆ?” ಎಂದು ನನಗೆ ವಿವರಿಸಿದ್ದರು. “ಬೇರೆ ಸೈಟಿನವರು ಯಾರಾದ್ರೂ ಬಂದು ಕೇಳಿದ್ರೆ ಮಾತ್ರ ಟಿಣ್ ಅನ್ಬೇಕು. ಯಾವ ಸೈಟಿಂದ ಬಂದ್ರು, ಏನು ಕೇಳಿದ್ರು, ಎಲ್ಲಾ ಪರದೆ ಮೇಲೆ ಬೀಳುತ್ತೆ.”

“ಬೇರೆ ಸೈಟಿನವರು ಇಲ್ಲಿಗ್ಯಾಕೆ ಬರ್ತಾರೆ ದೊಡ್ಡಪ್ಪ?”

“ಬರೋರು ಬರ್ತಾರೆ ಬಿಡು.”

ಎರಡು ವರ್ಷದಲ್ಲಿ ಆ ಗಂಟೆ ಒಮ್ಮೆಯೂ ಬಾರಿಸಿರಲಿಲ್ಲ. ದೊಡ್ಡಪ್ಪ ಮಾತ್ರ ವಾರಕ್ಕೊಮ್ಮೆ ಅದನ್ನು ಒರೆಸಿ ಹೊಳಪು ಕೊಡುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಟೀಚರ್ ಫೋನು ಬಂತು. ಟೀಚರ್ ಅಂದರೆ ಅಮ್ಮನಿಗೂ ದೊಡ್ಡಮ್ಮನಿಗೂ ಹುಡುಗಿಯರಾಗಿದ್ದಾಗ ಬೇಕರಿ ಕೆಲಸ ಕಲಿಸಿದವರು. ಈಗ ಊರ ಆಚೆ ಮಗಳ ಮನೆಯಲ್ಲಿದ್ದಾರೆ. ಈ ಜಗಳದ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ಅಮ್ಮ ಸ್ಪೀಕರ್ ಹಾಕಿಕೊಂಡು ಹಿಟ್ಟು ನಾದುತ್ತಲೇ ಮಾತಾಡುತ್ತಿದ್ದಳು.

“ಭಾನುವಾರ ನನ್ನ ಹುಟ್ಟಿದ ದಿನ ಕಣಮ್ಮ. ನನಗೆ ಬೇರೆಯವರ ಕೇಕ್ ಬೇಡ. ನಿಂದು ಕೇಕು, ನಿಮ್ಮಕ್ಕಂದು ಬಿಳಿ ಗುಲಾಬಿ. ನಿಮ್ಮಿಬ್ಬರ ಕೈ ರುಚಿ ಒಟ್ಟಿಗೆ ತಿಂದು ಬಹಳ ದಿನ ಆಯ್ತು. ಇಬ್ಬರೂ ಸೇರಿ ತಗೊಂಡ್ ಬನ್ನಿ.”

ಅಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಅವಳು, “ಆಗಲಿ ಟೀಚರ್” ಅಂದುಬಿಟ್ಟಳು. ಫೋನ್ ಇಟ್ಟವಳು ಆ ಹಿಟ್ಟನ್ನು ಎಂಥ ಗುದ್ದು ಗುದ್ದಿದಳೆಂದರೆ ಮೇಜಿನ ಮೇಲಿದ್ದ ಲೋಟ ಕುಣಿಯಿತು.

“ಈಗೇನು ಮಾಡ್ತೀಯಮ್ಮ?” ಎಂದೆ.

“ಏನು ಮಾಡೋದು? ಗುಲಾಬಿ ಬೇಕು. ನಾನಂತೂ ಕೇಳಲ್ಲ.”

“ನಾನು ಹೋಗಿ ಕೇಳಲಾ?”

“ನೀನು ಕೇಳಿದ್ರೆ ನಾನು ಕಳಿಸಿದೆ ಅಂತಾನೇ ಆಗುತ್ತೆ. ಬೇಡ.” ಸ್ವಲ್ಪ ಹೊತ್ತು ನಾದಿ, ನನ್ನ ಕಡೆ ತಿರುಗದೆಯೇ ಹೇಳಿದಳು, “ಮೊದಲು ನಿನ್ನ ಕಂಪ್ಯೂಟರೇ ಕೇಳ್ತಿತ್ತಲ್ಲ? ಅದೇ ಕೇಳಲಿ. ಇದೆ ಅಂದ್ರೆ ದುಡ್ಡು ಕಟ್ಟಿ ತರಿಸೋಣ, ಎಲ್ಲರ ಹಾಗೆ.”

ಅಕ್ಕನ ಹೂವಿಗೆ ಅಮ್ಮ ‘ಎಲ್ಲರ ಹಾಗೆ’ ಗಿರಾಕಿಯಾಗಲು ಹೊರಟಿದ್ದಳು! ನನಗೆ ನಗುವೂ ಬಂತು, ಪಿತ್ತವೂ ನೆತ್ತಿಗೇರಿತು. ಆದರೂ ಲ್ಯಾಪ್‌ಟಾಪ್ ತೆರೆದೆ. ಏನು ದೊಡ್ಡ ಕೆಲಸ? ಹಳೆಯ ಸಾಲುಗಳೆಲ್ಲ ಇದ್ದವು, ವಿಳಾಸ ಮಾತ್ರ ಬದಲಿಸಬೇಕಿತ್ತು. ಒಂದು ಖಾಲಿ ಪುಟಕ್ಕೆ “ಕೇಳು” ಎನ್ನುವ ಗುಂಡಿ ಹಾಕಿದೆ. ಒತ್ತಿದರೆ ಪುಟವು ದೊಡ್ಡಮ್ಮನ ಸೈಟಿಗೆ ಹೋಗಿ, “ಭಾನುವಾರಕ್ಕೆ ಬಿಳಿ ಗುಲಾಬಿ ಇದೆಯಾ?” ಎಂದು ಕೇಳಬೇಕು. ಇದ್ದರೆ ಹಸಿರು ಅಕ್ಷರದಲ್ಲಿ “ಇದೆ” ಎಂದು ಬರಬೇಕು. ಏನಾದರೂ ಕೆಟ್ಟರೆ ಕೆಂಪು ಅಕ್ಷರದಲ್ಲಿ “ಉತ್ತರ ಬಂದಿಲ್ಲ” ಎಂದು ತೋರಿಸಲಿ ಎಂದು ಬರೆದೆ. ಒತ್ತಿದೆ. ಕೆಂಪು.

ಬ್ರೌಸರಿನ ಒಳಗಿನ ಸಂದೇಶ ತೆಗೆದು ನೋಡಿದರೆ, ತಡೆಹಿಡಿಯಲಾಗಿದೆ ಎಂದು ಉದ್ದಕ್ಕೆ ಬೈದಿತ್ತು. ಎರಡೂ ಬೇರೆ ಬೇರೆ ಡೊಮೇನು. ಇಲ್ಲಿನ ಪುಟ ಅಲ್ಲಿಂದ ತಂದು ಓದುವುದಕ್ಕೆ ಅನುಮತಿ ಕಾಣುತ್ತಿಲ್ಲ. ಇಷ್ಟು ದಿನ ಒಂದೇ ಮನೆಯೊಳಗೆ ಕೂಗಾಡಿಕೊಂಡಿದ್ದವಳಿಗೆ ಈ ಕಾಟ ಹೊಸದು. ತಡೆಹಿಡಿದಿದೆ ಅಂದರೆ ನಮ್ಮ ಪ್ರಶ್ನೆಯನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ ಎಂದೇ ನಾನು ತಿಳಿದೆ. ಈ ಒಂದು ತಿಳುವಳಿಕೆ ನೆನಪಿಡಿ. ಮುಂದಿನ ಎಲ್ಲ ಎಡವಟ್ಟಿಗೂ ಇದೇ ಬುನಾದಿ.

ಅಮ್ಮನಿಗೆ ಬೇಕರಿಯ ಟ್ಯಾಬಿನಲ್ಲಿ ಆ ಪುಟ ತೋರಿಸಿ, “ಇನ್ನೂ ಸರಿಹೋಗಿಲ್ಲ ಕಣಮ್ಮ, ಒತ್ತಿದ್ರೆ ಕೆಂಪು ಬರುತ್ತೆ” ಎಂದೆ.

“ಹಾಳಾಗಿರೋದನ್ನೆಲ್ಲ ನನಗ್ಯಾಕೆ ತೋರಿಸ್ತೀಯ? ಆದ ಮೇಲೆ ಹೇಳು” ಎಂದು ಮುಖ ಸಿಂಡರಿಸಿ, ಟ್ಯಾಬನ್ನು ಮೈದಾ ಡಬ್ಬಿಯ ಪಕ್ಕ ಒರಗಿಸಿಟ್ಟಳು.

ಮಂಗಳವಾರ, ಬುಧವಾರ ನನ್ನ ಗುದ್ದಾಟ ನಡೆಯಿತು. ಎಲ್ಲೋ ಓದಿ ಒಂದು ಸೆಟ್ಟಿಂಗ್ ಹಾಕಿದೆ. ಕೆಂಪು ಮಾಯವಾಯಿತು! ಕುರ್ಚಿಯಿಂದ ಎದ್ದು ಒಂದು ಸುತ್ತು ಕುಣಿದೇಬಿಟ್ಟೆ. ಆಮೇಲೆ ನೋಡಿದರೆ, ಬಂದದ್ದು ಬಾಯಿ ಹೊಲಿದ ಚೀಲ. ಏನೋ ಬಂದಿದೆ ಎನ್ನುವುದು ಗೊತ್ತು, ಬಿಚ್ಚಿ ನೋಡುವ ಹಾಗಿಲ್ಲ. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಪ್ರಶ್ನೆ ಹೊಸ್ತಿಲು ದಾಟದಿದ್ದರೆ ಚೀಲ ಎಲ್ಲಿಂದ ಬರುತ್ತದೆ? ಕುಣಿದ ಸುಸ್ತಿಗೆ ಅದು ಹೊಳೆಯಲೇ ಇಲ್ಲ. ಸಿಟ್ಟಿನಿಂದ ಆ ಸೆಟ್ಟಿಂಗ್ ಕಿತ್ತೆಸೆದೆ.

ಇನ್ನೊಂದು ದಾರಿ ಇತ್ತು. ಈ ತಡೆಯೆಲ್ಲ ಬ್ರೌಸರಿನದು. ಪುಟದ ಬದಲು ನಮ್ಮ ಬೇಕರಿಯ ಸರ್ವರೇ, ಅಂದರೆ ಸೈಟನ್ನು ಇಟ್ಟುಕೊಂಡಿರುವ ಕಂಪ್ಯೂಟರೇ, ಹೋಗಿ ದೊಡ್ಡಮ್ಮನ ಸರ್ವರನ್ನು ಕೇಳಿಕೊಂಡು ಬಂದರೆ ಬ್ರೌಸರ್ ಚಕಾರ ಎತ್ತುವುದಿಲ್ಲ. ಪುಟ ನಮ್ಮ ಸರ್ವರನ್ನು ಕೇಳುತ್ತದೆ, ನಮ್ಮ ಸರ್ವರ್ ಅವರದನ್ನು ಕೇಳುತ್ತದೆ, ಉತ್ತರ ಅದೇ ದಾರಿಯಲ್ಲಿ ವಾಪಸ್. ಅರ್ಧ ಗಂಟೆಯ ಕೆಲಸ. ಬರೆಯಲು ಕೂತವಳು ಎರಡನೇ ಸಾಲಿಗೇ ನಿಲ್ಲಿಸಿದೆ. ಮಂಡಿಯ ಎಣ್ಣೆ ಹೊತ್ತೆ, ಉಣ್ಣೆಯ ಶಾಲು ಹೊತ್ತೆ, ಎರಡು ವರ್ಷ ಇವರಿಬ್ಬರ ನಡುವೆ ನಾನು ಮಾಡಿದ್ದು ಇದೇ ಅಲ್ಲವೇ? ಇನ್ನು ನನ್ನ ಕಂಪ್ಯೂಟರಿಗೂ ಅದೇ ಜೀತವೇ? ಬೇಕಾದರೆ ನೇರ ಕೇಳಲಿ, ನೇರ ಹೇಳಲಿ, ಇಲ್ಲದಿದ್ದರೆ ಟೀಚರ್ ಬರಿ ಕೇಕ್ ತಿನ್ನಲಿ. ಕೋಪದ ಮೂಗು ನನಗೂ ಬಂದಿದೆ, ಮನೆತನದ್ದು.

ಗುರುವಾರ ತಣ್ಣಗೆ ಕೂತು ನಿಯಮವನ್ನು ಸರಿಯಾಗಿ ಓದಿದೆ. ಓದಿ ಬೆಪ್ಪಾದೆ. ಕೇಳುವವರ ಕಡೆ ಎಷ್ಟು ತಿಣುಕಿದರೂ ಪ್ರಯೋಜನವೇ ಇಲ್ಲ. ಅನುಮತಿ ಕೊಡಬೇಕಾದವರು ಉತ್ತರ ಕೊಡುವವರು. ದೊಡ್ಡಪ್ಪನ ಸರ್ವರ್ ತನ್ನ ಉತ್ತರದ ಜೊತೆಗೆ, “ಇಂಥ ಸೈಟಿನವರು ಇದನ್ನು ಓದಬಹುದು” ಎನ್ನುವ ಒಂದು ಸಾಲು ಸೇರಿಸಿ ಕಳಿಸಬೇಕು. ಒಂದೇ ಸಾಲು. ಆ ಸಾಲಿಲ್ಲದೆ ನಾನು ಮೂರು ದಿನ ತಲೆ ಚಚ್ಚಿಕೊಂಡಿದ್ದೆ.

ದೊಡ್ಡಪ್ಪನಿಗೆ ಹೇಳಿದರೆ ಕ್ಷಣದ ಕೆಲಸ. ಆದರೆ ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೇಳಿದರೆ ದೊಡ್ಡಮ್ಮನಿಗೆ ಹೇಳಿದ ಹಾಗೇ, ಅಮ್ಮನ ಷರತ್ತು ಮುರಿದ ಹಾಗೇ. ಶುಕ್ರವಾರ ಮಧ್ಯಾಹ್ನದವರೆಗೂ ಮೀನಮೇಷ ಎಣಿಸಿದೆ. ಅಮ್ಮ ಕೇಕಿನ ಅಡಿಭಾಗ ಬೇಯಿಸಿ ಆರಲಿಟ್ಟಿದ್ದಳು. ಅದರ ಸುತ್ತ ಸುತ್ತಾಡುತ್ತಿದ್ದಳು, ಹೂವಿನ ಜಾಗಕ್ಕೆ ಬೆರಳಿಟ್ಟು ಅಳೆಯುತ್ತಿದ್ದಳು, ನಾನು ನೋಡಿದರೆ ಬೆರಳು ತೆಗೆಯುತ್ತಿದ್ದಳು. ಅದನ್ನು ನೋಡಲಾಗದೆ ದೊಡ್ಡಪ್ಪನಿಗೆ ಮೆಸೇಜ್ ಕಳಿಸಿಯೇಬಿಟ್ಟೆ: “ದಯವಿಟ್ಟು ನಿಮ್ಮ ಸರ್ವರಿಗೆ ಈ ಒಂದು ಸಾಲು ಸೇರಿಸಿ, ಯಾಕೆ ಅಂತ ಕೇಳಬೇಡಿ.” ಅವರು ಸೇರಿಸಿದ ಕ್ಷಣವೇ ಗೊತ್ತಾಗಲಿ ಎಂದು, ಕೆಂಪು ಬಂದರೆ ಕೆಲವು ಸೆಕೆಂಡ್ ಬಿಟ್ಟು ತಾನೇ ಮತ್ತೆ ಕೇಳುವಂತೆ ಪುಟಕ್ಕೆ ಬರೆದೆ. ಹೇಗೂ ಹೊಸ್ತಿಲು ದಾಟದ ಪ್ರಶ್ನೆ, ಯಾರಿಗೇನು ತೊಂದರೆ? ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಅಮ್ಮನ ಜೊತೆ ಹಿಂದಿನ ಕೋಣೆಗೆ ಊಟಕ್ಕೆ ಹೋದೆ.

ಊಟ ಮುಗಿಸಿ ನಾನು ಕೈ ತೊಳೆಯುತ್ತಿದ್ದಾಗ ಅಂಗಡಿಯ ಬಾಗಿಲು ದಡಾರನೆ ತೆರೆದುಕೊಂಡಿತು.

ಬಂದವಳು ದೊಡ್ಡಮ್ಮ. ಕಾಲಿಗೆ ಮನೆಯೊಳಗೆ ಹಾಕುವ ಚಪ್ಪಲಿ, ಅದೂ ಒಂದು ಅವಳದು, ಒಂದು ದೊಡ್ಡಪ್ಪನದು. ಬೆರಳ ತುಂಬ ಸಕ್ಕರೆ ಪುಡಿ. ಕೈಯಲ್ಲಿ ಚಿಮುಟ ಹಾಗೇ ಇದೆ. ಏದುಸಿರು ಬಿಡುತ್ತ ಅಂಗಡಿಯನ್ನೆಲ್ಲ ಕಣ್ಣಲ್ಲೇ ಜಾಲಾಡಿದಳು.

“ಪುಟ್ಟೀ! ಎಲ್ಲೇ ಇದ್ದೀಯಾ? ಬಿದ್ದೆಯಾ? ಏನಾಯ್ತೇ?”

ಪುಟ್ಟಿ ಅಂದರೆ ನಮ್ಮಮ್ಮ. ಆ ಹೆಸರನ್ನು ನಾನು ಕೇಳಿ ಎರಡು ವರ್ಷವಾಗಿತ್ತು. ಅಮ್ಮ ಹಿಂದಿನ ಕೋಣೆಯಿಂದ ಓಡಿಬಂದು, ಬಾಗಿಲ ಚೌಕಟ್ಟಿನಲ್ಲೇ ನಿಂತುಬಿಟ್ಟಳು.

“ನನಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ” ಎಂದಳು, ಸಣ್ಣ ದನಿಯಲ್ಲಿ.

ಮೇಲಿಂದ ಕೆಳಗೆ ಅವಳನ್ನು ನೋಡಿ, ಕೈಕಾಲು ಸರಿಯಾಗಿವೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ದೊಡ್ಡಮ್ಮನ ಹೆದರಿಕೆಯೆಲ್ಲ ಒಮ್ಮೆಲೇ ಸಿಟ್ಟಾಯಿತು. “ಚೆನ್ನಾಗಿದ್ದೀಯಾ? ಚೆನ್ನಾಗಿರೋಳು ಹೀಗೆ ಗಂಟೆ ಹೊಡೀತಾಳಾ? ಊಟದ ಹೊತ್ತಿಂದ ಟಿಣ್ ಟಿಣ್ ಟಿಣ್ ಟಿಣ್, ನಿಲ್ಲೋದೇ ಇಲ್ಲ! ಗುಂಡಿ ಮೇಲೆ ಬಿದ್ದು ಪ್ರಜ್ಞೆ ತಪ್ಪಿದ್ದಾಳೆ ಅಂದ್ಕೊಂಡೆ ಕಣೆ ನಾನು! ದಾರಿ ತುಂಬಾ ಏನೇನು ನೆನೆಸಿಕೊಂಡು ಬಂದೆ ಗೊತ್ತಾ?”

ನನ್ನ ಕೈಯಿಂದ ಟವಲ್ ಜಾರಿತು. ಗಂಟೆ. ಲಿಫ್ಟಿನ ಗಂಟೆ. ಓಡಿಹೋಗಿ ಲ್ಯಾಪ್‌ಟಾಪ್ ನೋಡಿದರೆ, ಪುಟ ತನ್ನ ಪಾಡಿಗೆ ತಾನು ಕೇಳುತ್ತಲೇ ಇತ್ತು. ಆಗ ನನಗೆ ಎಲ್ಲ ಅರ್ಥವಾಯಿತು. ಪ್ರಶ್ನೆ ಹೊಸ್ತಿಲಲ್ಲಿ ನಿಂತಿರಲೇ ಇಲ್ಲ. ಪ್ರತಿ ಸಲವೂ ಹೊರಟಿದೆ, ಅಂಚೆ ಕಚೇರಿ ಮೂಲೆ ತಿರುಗಿದೆ, ಪಾರ್ಕು ದಾಟಿದೆ, ಹಸಿರು ಗೇಟಿನೊಳಗೆ ಹೋಗಿ ಟಿಣ್ ಅನ್ನಿಸಿದೆ. ತಡೆದದ್ದು ಹೋಗುವ ಪ್ರಶ್ನೆಯನ್ನಲ್ಲ, ಬಂದ ಉತ್ತರವನ್ನು.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ದೊಡ್ಡಮ್ಮನ ಚಪ್ಪಲಿ. ಎರಡೂ ಕೈಯಲ್ಲಿ ಅಗಲವಾದ ರಟ್ಟಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಹಿಡಿದಿದ್ದರು. ನನ್ನ ಮೆಸೇಜನ್ನು ಅವರು ನೋಡಿರಲೇ ಇಲ್ಲವಂತೆ. “ಆ ಗಂಟೆ ಬಿಟ್ಟು ಫೋನ್ ಯಾರು ನೋಡ್ತಾರೆ? ಎರಡು ವರ್ಷ ಕಾದಿದ್ದೀನಿ ಅದು ಬಾರಿಸಲಿ ಅಂತ!” ಎಂದರು. ಮುಖ ಊರಗಲ ಆಗಿತ್ತು.

“ದೊಡ್ಡಮ್ಮ, ಅದು ಅಮ್ಮ ಒತ್ತಿದ್ದಲ್ಲ” ಎಂದು ನಾನು ನಾಲಿಗೆ ಕಚ್ಚಿಕೊಂಡು ತಪ್ಪೊಪ್ಪಿಕೊಂಡೆ. “ನನ್ನ ಪುಟ ತಾನೇ ಕೇಳ್ತಾ ಇತ್ತು. ನಾನು ಹಾಗೆ ಬರೆದು ಊಟಕ್ಕೆ ಹೋಗಿದ್ದೆ.”

“ಇವತ್ತಿಂದು ಬಿಡೇ, ಒಪ್ಕೊಂಡೆ” ಎಂದಳು ದೊಡ್ಡಮ್ಮ. “ನಿನ್ನ ಗಡಿಬಿಡಿ ನನಗೆ ಗೊತ್ತಿಲ್ವಾ? ಮೊನ್ನೆ ಮೊನ್ನೆ ಹಗಲೆಲ್ಲ ಟಕಟಕ ಅಂತ ಬಾರಿಸಿದ್ದೂ ನೀನೇ. ಆದ್ರೆ ಬೆಳಗಿನ ಜಾವದ್ದು ಯಾರು?”

“ಬೆಳಗಿನ ಜಾವದ್ದಾ?”

“ಮಂಗಳವಾರದಿಂದ ದಿನಾ. ಇನ್ನೂ ಕತ್ತಲೆ ಇರುತ್ತೆ. ಒಂದೇ ಒಂದು ಟಿಣ್. ಆಮೇಲೆ ಸುಮ್ಮನೆ. ಆ ಹೊತ್ತಿಗೆ ಎದ್ದಿರೋಳಾ ನೀನು?”

ನಾನು ಆ ಹೊತ್ತಿಗೆ ಎದ್ದದ್ದು ಹುಟ್ಟಿದ ದಿನ ಮಾತ್ರ. ಎಲ್ಲರೂ ಅಮ್ಮನನ್ನು ನೋಡಿದೆವು. ಅಮ್ಮ ಮೈದಾ ಡಬ್ಬಿಯ ಮುಚ್ಚಳವನ್ನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದಳು.

“ಕೈ ತಾಗಿರಬೇಕು” ಎಂದಳು. “ಓವನ್ ಹಚ್ಚೋವಾಗ. ಆ ಟ್ಯಾಬು ಅಲ್ಲೇ ಇರುತ್ತಲ್ಲ.”

“ದಿನಾ ತಾಗ್ತಿತ್ತಾ?”

“ದಿನಾ ಓವನ್ ಹಚ್ಚಲ್ವಾ ನಾನು?”

ದೊಡ್ಡಪ್ಪ ಪೆಟ್ಟಿಗೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ದೊಡ್ಡಮ್ಮ ನಗಲಿಲ್ಲ. ಅವಳ ದನಿ ಏರಿತು. “ಸರಿ, ಕೇಳಿದೆ. ನಾನು ಮೊದಲ ದಿನವೇ ‘ಇದೆ’ ಅಂತ ಹಾಕಿಸಿದೆನಲ್ಲ? ಪರದೆ ಮೇಲೆ ನಿನ್ನ ಸೈಟಿನ ಹೆಸರು ನೋಡಿದ ತಕ್ಷಣ ಇವರಿಗೆ ಹೇಳಿದೆ, ಇನ್ನೂ ಒಂದು ದಳ ಮಾಡಿರಲಿಲ್ಲ, ಆದ್ರೂ ಇದೆ ಅಂತ ಹಾಕಿ ಅಂದೆ. ಹಾಕಿ ಕೂತೆ ಮಾಡೋಕೆ. ಇದೆ ಅಂತ ಹೇಳಿದ ಮೇಲೂ ಮರುದಿನ ಅದೇ ಪ್ರಶ್ನೆ! ಅದರ ಮರುದಿನಾನೂ ಅದೇ! ಇದೆ ಇದೆ ಇದೆ ಅಂತ ಎಷ್ಟು ಸಲ ಹೇಳೋದೇ ನಾನು? ಕಿವಿ ಕೇಳಲ್ವಾ? ಬಂದು ತಗೊಂಡು ಹೋಗೋಕೆ ಏನು ಜಂಭ ನಿನಗೆ?”

“ನೀನು ಎಲ್ಲಿ ಹೇಳಿದೆ?” ಅಮ್ಮನ ದನಿ ಒಡೆಯಿತು. “ಒತ್ತಿದಾಗೆಲ್ಲ ಉತ್ತರ ಬಂದಿಲ್ಲ, ಉತ್ತರ ಬಂದಿಲ್ಲ ಅಂತ ಕೆಂಪಗೆ ಬರ್ತಿತ್ತು. ಇವಳು ಕೆಟ್ಟಿದೆ ಅಂದಿದ್ಲು, ಸರಿ. ಆದ್ರೂ ನನಗೆ, ನೀನೇ ಬೇಕಂತ ಹೇಳ್ತಿಲ್ವೇನೋ ಅನ್ನಿಸ್ತಿತ್ತು ಅಕ್ಕ.”

ಕೆಂಪಕ್ಷರದ ಆ ಎರಡು ಪದ ಬರೆದವಳು ಇಲ್ಲೇ ನಿಂತಿದ್ದೆನಲ್ಲ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಮುಂದೆ ಬಂದು ಹೇಳಿದೆ. “ದೊಡ್ಡಮ್ಮ ಹೇಳಿದ್ದೂ ನಿಜ, ಅಮ್ಮನಿಗೆ ಸಿಗದಿದ್ದದ್ದೂ ನಿಜ. ಪ್ರಶ್ನೆ ಅಲ್ಲಿಗೆ ಹೋಗಿದೆ. ‘ಇದೆ’ ಅನ್ನೋ ಉತ್ತರ ಪ್ರತಿ ಸಲ ನಮ್ಮ ಬಾಗಿಲವರೆಗೂ ಬಂದಿದೆ. ಬ್ರೌಸರ್ ಅದನ್ನ ಒಳಗೆ ಕೊಟ್ಟಿಲ್ಲ. ಯಾರಿಗೆ ಕೊಡಬಹುದು ಅಂತ ಅದರ ಮೇಲೆ ಬರೆದಿರಲಿಲ್ಲ, ಅದಕ್ಕೆ ಬಾಗಿಲಲ್ಲೇ ಇಟ್ಕೊಂಡಿತ್ತು. ಬರೆಯಬೇಕಾದವರು ದೊಡ್ಡಪ್ಪ. ಒಂದೇ ಸಾಲು.”

“ಅಯ್ಯೋ, ಗಂಟೆ ಕಟ್ಟೋ ಸಡಗರದಲ್ಲಿ ಅದನ್ನ ಯಾರು ನೆನೆಸಿದ್ರು?” ಎಂದು ದೊಡ್ಡಪ್ಪ ಹಣೆ ಚಚ್ಚಿಕೊಂಡರು.

ಮೊದಲು ನಕ್ಕವಳು ಅಮ್ಮ. ಅವಳ ನಗು ಹೊಟ್ಟೆಯಿಂದ ಎದ್ದು ಬರುವಂಥದು, ಶುರುವಾದರೆ ಮೇಜು ಹಿಡಿದುಕೊಳ್ಳಬೇಕು. “ನಾನು ಕೇಳ್ತಾನೇ ಇದ್ದೀನಿ, ನೀನು ಹೇಳ್ತಾನೇ ಇದ್ದೀಯ” ಎನ್ನುವಷ್ಟರಲ್ಲಿ ಉಸಿರು ಸಾಲಲಿಲ್ಲ. ದೊಡ್ಡಮ್ಮ ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟಳು, ಮೂಗು ಅರಳಿತು, ತುಟಿ ನಡುಗಿತು, ಕೊನೆಗೆ ಚಿಮುಟ ಕೆಳಗೆ ಹಾಕಿ ಅವಳೂ ನಕ್ಕಳು. ನಗುನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು. ಅಮ್ಮ ಅಕ್ಕನ ಕಾಲು ನೋಡಿ, “ಏನು ಚಪ್ಪಲಿನೇ ಅದು!” ಎಂದಳು, ಇಬ್ಬರೂ ಮತ್ತೆ ಶುರು. ಅಕ್ಕನ ಹೆಗಲಿನ ಮೇಲೆ ಅಮ್ಮನ ಹಿಟ್ಟಿನ ಕೈ ಅಚ್ಚಾಗಿ ಮೂಡಿತು.

ದೊಡ್ಡಪ್ಪ ನನ್ನ ಲ್ಯಾಪ್‌ಟಾಪಿನಿಂದಲೇ ಅವರ ಸರ್ವರಿಗೆ ಕೈ ಹಾಕಿದರು. ನಾನು ಸಾಲನ್ನು ಹೇಳಿಕೊಟ್ಟೆ. “ಇಲ್ಲಿ ಒಂದು ನಕ್ಷತ್ರ ಹಾಕಿದ್ರೆ ಯಾವ ಸೈಟಿನವರು ಬೇಕಾದ್ರೂ ಓದಬಹುದು. ಇಲ್ಲಾ ಅಂದ್ರೆ ಒಂದು ಸೈಟಿನ ಹೆಸರು ಬರೆದ್ರೆ ಅವರಿಗೆ ಮಾತ್ರ. ಯಾವುದು ಬರೀತೀರಿ?”

“ನಕ್ಷತ್ರವೇ ಸುಲಭ, ಒಂದೇ ಗುಂಡಿ” ಎಂದು ದೊಡ್ಡಪ್ಪ ಬೆರಳೆತ್ತಿದರು.

“ಎಲ್ಲರಿಗೂ ಯಾಕ್ರೀ?” ದೊಡ್ಡಮ್ಮ ಅಲ್ಲಿಂದಲೇ, ತಿರುಗದೆಯೇ ಹೇಳಿದಳು. ಆಗಲೇ ಪೆಟ್ಟಿಗೆ ಬಿಚ್ಚಿ ಗುಲಾಬಿಗಳನ್ನು ಒಂದೊಂದಾಗಿ ಮೇಜಿನ ತನ್ನ ಬದಿಯಲ್ಲಿ ಇಡುತ್ತಿದ್ದಳು. “ಅವಳ ಹೆಸರೊಂದೇ ಬರೀರಿ.”

ಅಮ್ಮ ಕೇಕಿನ ಕಡೆ ಬಗ್ಗಿ ಏನೋ ಸರಿಮಾಡುವವಳ ಹಾಗೆ ಬಹಳ ಹೊತ್ತು ಬಗ್ಗಿಯೇ ಇದ್ದಳು. ದೊಡ್ಡಪ್ಪ ಒಂದು ಬೆರಳಿನಲ್ಲಿ ನಮ್ಮ ಬೇಕರಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಒತ್ತಿದರು. ಪುಟದಲ್ಲಿ ಕೆಂಪು ಅಳಿದು ಹಸಿರು ಬಂತು: ಇದೆ. “ಬಂತು! ಬಂತು!” ಎಂದು ನಾನೂ ದೊಡ್ಡಪ್ಪನೂ ಕೂಗಿಕೊಂಡೆವು. ಅಕ್ಕತಂಗಿಯರು ತಿರುಗಿಯೂ ನೋಡಲಿಲ್ಲ. ಅಲ್ಲಿ ಆಗಲೇ ಬೇರೆ ವಿಷಯ ನಡೆದಿತ್ತು.

“ಈ ಸಲ ಅಡಿ ಗಟ್ಟಿಯಾಗಿದೆಯೇನೇ?”

“ನಿನ್ನ ಹೂವು ಹಗುರಾಗಿದ್ರೆ ಎಲ್ಲಾ ಗಟ್ಟಿಯಾಗೇ ಇರುತ್ತೆ.”

ಭಾನುವಾರ ಕೇಕನ್ನು ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಮಡಿಲಿಗೆ ಕೊಟ್ಟು, ಇಬ್ಬರೂ ನನ್ನ ಎಡಬಲಕ್ಕೆ ಕೂತು ದಾರಿಯುದ್ದಕ್ಕೂ “ಅಲ್ಲಾಡಬೇಡ” ಎಂದು ಗದರಿಸಿದರು. ಟೀಚರ್ ಕನ್ನಡಕ ಹಾಕಿಕೊಂಡು ಕೇಕನ್ನು ಸುತ್ತಿ ಬಂದರು, ಒಂದು ಗುಲಾಬಿ ಮೂಸಿದರು, ನಾಚಿಕೊಂಡರು. ಆಮೇಲೆ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿದರು.

“ಒಂಚೂರು ವಾಲಿದೆ ಅಲ್ವೇ?”

“ಇವಳು ಹಿಡಿದಿದ್ದು ಸರಿ ಇಲ್ಲ ಟೀಚರ್!” ಎಂದು ಅಮ್ಮನೂ ದೊಡ್ಡಮ್ಮನೂ ಒಂದೇ ಬಾಯಲ್ಲಿ ನನ್ನನ್ನು ತೋರಿಸಿದರು. ಎರಡು ವರ್ಷ ಇವರಿಬ್ಬರ ನಡುವೆ ಓಡಾಡಿದ್ದಕ್ಕೆ ನನಗೆ ಸಂದ ಬಹುಮಾನ ಅದು. ನಾನು ಎರಡು ಹೋಳು ಕೇಕ್ ಹೆಚ್ಚಿಗೆ ತಿಂದು ಸೇಡು ತೀರಿಸಿಕೊಂಡೆ.

ದೊಡ್ಡಮ್ಮ ತನ್ನ ಹೂವಿನ ಸೈಟನ್ನೇನೂ ಮುಚ್ಚಲಿಲ್ಲ. ತಿಂಡಿ ಮುಗಿಸಿ ಬೇಕರಿಗೆ ಬರುತ್ತಾಳೆ, ಮೇಜಿನ ತನ್ನ ಬದಿಯಲ್ಲಿ ನಿಂತು ಮಧ್ಯಾಹ್ನದವರೆಗೆ ಜಗಳವಾಡಿ ಹೋಗುತ್ತಾಳೆ. ಮಂಡಿಯ ಎಣ್ಣೆಯನ್ನು ಈಗ ಅಮ್ಮನೇ ಕೈಯಾರೆ ಕೊಡುತ್ತಾಳೆ, ಹಚ್ಚಿಕೊಳ್ಳದಿದ್ದರೆ ಬೈಯುತ್ತಾಳೆ.

ಮೊನ್ನೆ ನನಗೆ ಯಾಕೋ ನಸುಕಿಗೇ ಎಚ್ಚರವಾಯಿತು. ನೀರು ಕುಡಿಯಲು ಬಂದರೆ ಬೇಕರಿಯಲ್ಲಿ ದೀಪ ಇತ್ತು. ಅಮ್ಮ ಉಣ್ಣೆಯ ಶಾಲು ಹೊದ್ದು ಓವನ್ ಮುಂದೆ ನಿಂತಿದ್ದಳು. ಟ್ಯಾಬ್ ಕೈಗೆ ತೆಗೆದುಕೊಂಡು “ಕೇಳು” ಒತ್ತಿದಳು. ಹಸಿರು ಗೇಟಿನೊಳಗೆ ಟಿಣ್ ಅಂದಿರಬೇಕು. ಹಸಿರು ಅಕ್ಷರ ಬಂತು. ನೋಡಿ, ಮತ್ತೆ ಡಬ್ಬಿಯ ಪಕ್ಕ ಒರಗಿಸಿಟ್ಟಳು.

“ಯಾರದಮ್ಮ ಆರ್ಡರು ಇವತ್ತು?” ಎಂದೆ.

ಬೆಚ್ಚಿಬಿದ್ದು ತಿರುಗಿದಳು. ಈ ಸಲ ಕೈ ತಾಗಿತು ಎನ್ನಲಿಲ್ಲ.

“ಯಾರದ್ದೂ ಇಲ್ಲ” ಎಂದಳು. “ಸುಮ್ನೆ. ಎದ್ದಿದ್ದಾಳಾ ಅಂತ.”